ಫಾರ್ವರ್ಡ್ ಆಡುವ ಹುಡುಗಿಯ ಲೆಕ್ಕ: ವರ್ಷಕ್ಕೆ ಎಷ್ಟು ಮ್ಯಾಚ್?

ಬೆಳಗಾವಿಯ ತಿಲಕವಾಡಿಯಲ್ಲಿ ಲೇಲೆ ಮೈದಾನದ ಅಂಚಿಗೆ ಸಂಜೆ ಹೊತ್ತು ಸ್ಕೂಟರ್ ನಿಲ್ಲಿಸಿಕೊಂಡು ಕೂತಿರುವ ಅಪ್ಪಂದಿರು ಕಾಣುತ್ತಾರೆ. ಮೊಬೈಲ್ ನೋಡುತ್ತಾ ಕೂತಿದ್ದರೂ ಕಣ್ಣು ಮಾತ್ರ ಮೈದಾನದಲ್ಲಿ ಫುಟ್‌ಬಾಲ್ ಆಡುವ ಮಕ್ಕಳ ಕಡೆಗೇ. ಅವರಲ್ಲೊಬ್ಬರು ಒಂದು ದಿನ ನನ್ನ ಪಕ್ಕ ಬಂದು ನಿಂತು ಕೇಳಿದರು: "ಮಗಳು ಫಾರ್ವರ್ಡ್ ಆಡ್ತಾಳ್ರಿ ಸರ್. ಗೋಲ್ ಛಲೋ ಹೊಡಿತಾಳ. ಆದ್ರ ಇದರಾಗ ಮುಂದ ಏನೈತ್ರಿ?"

ಹುಡುಗಿಗೆ ಹದಿನಾಲ್ಕು. ಉತ್ತರ ಕೊಡುವ ಮೊದಲು ಅವಳನ್ನೇ ಕರೆದು ಕೇಳಿದೆ, "ಹ್ವಾದ ವರ್ಷ ಎಷ್ಟ್ ಮ್ಯಾಚ್ ಆಡೀದಿ ಅವ್ವಿ?" ಬೆರಳು ಮಡಚಿ ಎಣಿಸಿದಳು. "ಹನ್ನೊಂದ್ರಿ. ಅಲ್ಲಲ್ಲ, ಹನ್ನೆರಡ್ರಿ. ಒಂದು ಮಳಿ ಬಂದು ಅರ್ಧಕ್ಕ ನಿಂತಿತ್ರಿ."

ಅಪ್ಪನ ಪ್ರಶ್ನೆಗೆ ಉತ್ತರ ಈ ಹನ್ನೆರಡರಲ್ಲೇ ಇದೆ. ಫಾರ್ವರ್ಡ್ ಅಂದರೆ ಎಲ್ಲರಿಗಿಂತ ಮುಂದೆ, ಎದುರಾಳಿಯ ಗೋಲಿನ ಹತ್ತಿರ ಆಡುವವಳು. ಅವಳ ವೃತ್ತಿ ಅಂದರೆ ಗೋಲ್, ಕಪ್, ವಿದೇಶದ ಕ್ಲಬ್ ಅಂತ ನಾವು ಯೋಚಿಸುತ್ತೇವೆ. ಒಳಗೆ ಹೋಗಿ ನೋಡಿದರೆ ಅದು ಬರೀ ಲೆಕ್ಕ. ಒಂದು ಮ್ಯಾಚಿಗೆ ಎಷ್ಟು ಅವಕಾಶ, ವರ್ಷಕ್ಕೆ ಎಷ್ಟು ಮ್ಯಾಚ್, ಒಟ್ಟು ಎಷ್ಟು ವರ್ಷ. ಮೊಣಕಾಲು ಈ ಲೆಕ್ಕದಲ್ಲಿ ಕಳೆಯುತ್ತದೆ, ದುಡ್ಡು ಈ ಲೆಕ್ಕದ ಹಿಂದೆಯೇ ಬರುತ್ತದೆ.

ಗೋಲ್ ಹೊಡೆಯುವುದು ಕೊನೆಯ ಕೆಲಸ

ಮೊದಲು ಕೆಲಸ ಏನು ಅಂತ ಹತ್ತಿರದಿಂದ ನೋಡೋಣ. ಬಲಗಡೆ ಅಂಚಿನಲ್ಲಿ ಆಡುವ ವಿಂಗರ್ ಕಾಲಿಗೆ ಚೆಂಡು ಸಿಕ್ಕಿದೆ. ನಡುವೆ ನಮ್ಮ ಫಾರ್ವರ್ಡ್, ಬೆನ್ನಿಗೆ ಅಂಟಿಕೊಂಡು ಅವಳನ್ನು ತಡೆಯುವ ಎದುರಾಳಿ ತಂಡದ ಒಬ್ಬ ಡಿಫೆಂಡರ್. ಫಾರ್ವರ್ಡ್ ನೇರವಾಗಿ ಗೋಲಿನ ಕಡೆ ಓಡುವುದಿಲ್ಲ. ಮೊದಲು ಎರಡು ಹೆಜ್ಜೆ ದೂರದ ಕಂಬದ ಕಡೆಗೆ ಹಾಕುತ್ತಾಳೆ. ಡಿಫೆಂಡರ್ ಒಂದೇ ಕ್ಷಣ ತಲೆ ತಿರುಗಿಸಿ ಚೆಂಡು ಎಲ್ಲಿದೆ ಅಂತ ನೋಡುತ್ತಾಳೆ. ಅದೇ ಕ್ಷಣಕ್ಕೆ ಇವಳು ಗಕ್ಕನೆ ತಿರುಗಿ ಅವಳ ಮುಂದಿನಿಂದ ಹತ್ತಿರದ ಕಂಬಕ್ಕೆ ನುಗ್ಗುತ್ತಾಳೆ. ಚೆಂಡು ಬರುತ್ತದೆ. ಪಾದದ ಒಳಬದಿ ತಾಗಿಸಿದರೆ ಸಾಕು, ಗೋಲ್. ಜನ ಚಪ್ಪಾಳೆ ತಟ್ಟುವುದು ಆ ತಾಗಿಸಿದ್ದಕ್ಕೆ. ಗೋಲ್ ಆದದ್ದು ಮಾತ್ರ ಮೊದಲಿನ ಆ ಎರಡು ಸುಳ್ಳು ಹೆಜ್ಜೆಯಿಂದ.

ಇಡೀ 90 ನಿಮಿಷದಲ್ಲಿ ಒಬ್ಬ ಆಟಗಾರ್ತಿಯ ಕಾಲಲ್ಲಿ ಚೆಂಡು ಇರುವುದು ಎರಡು ಮೂರು ನಿಮಿಷ. ಉಳಿದ ಹೊತ್ತು ಫಾರ್ವರ್ಡ್ ಮಾಡುವುದು ಇಂಥ ಸುಳ್ಳು ಹೆಜ್ಜೆಗಳನ್ನೇ. ಆಫ್‌ಸೈಡ್ ಗೆರೆಯ ಮೇಲೆ, ಅಂದರೆ ಚೆಂಡು ಬರುವ ಮೊದಲು ದಾಟಬಾರದ ಕೊನೆಯ ಡಿಫೆಂಡರ್ ಸಾಲಿನಲ್ಲಿ ನಿಂತು ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ. ಎದುರಾಳಿಯ ಗೋಲಿ (ಗೋಲ್‌ಕೀಪರ್) ಚೆಂಡು ಹಿಡಿದ ಕೂಡಲೇ ಮೊದಲು ಹೋಗಿ ಅಡ್ಡ ನಿಲ್ಲಬೇಕಾದವಳೂ ಇವಳೇ. ಬೆನ್ನಿಗೆ ಡಿಫೆಂಡರ್ ಇಟ್ಟುಕೊಂಡು ಬಂದ ಚೆಂಡನ್ನು ಹಿಡಿದಿಟ್ಟು ಹಿಂದಿನವರಿಗೆ ಕೊಡುವುದೂ ಇವಳದೇ ಕೆಲಸ.

ಇಷ್ಟೆಲ್ಲ ಮಾಡಿ ಹೊಡೆಯುವ ಅವಕಾಶ ಎಷ್ಟು ಸಿಗುತ್ತದೆ? ಒಳ್ಳೆಯ ತಂಡದಲ್ಲಿ ಮ್ಯಾಚಿಗೆ ಮೂರು ಅಂತಿಟ್ಟುಕೊಳ್ಳಿ. ದೊಡ್ಡ ಲೀಗ್‌ಗಳಲ್ಲೂ ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲ್ ಆಗುತ್ತದೆ, ಅಷ್ಟೇ. 7.32 ಮೀಟರ್ ಅಗಲದ ಗೋಲು, ಎದುರಿಗೆ ಬರೀ ಗೋಲಿ, 11 ಮೀಟರ್ ದೂರ, ಯಾರ ಅಡ್ಡಿಯೂ ಇಲ್ಲದ ಪೆನಾಲ್ಟಿಯೇ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ತಪ್ಪುತ್ತದೆ. ಓಡುತ್ತಾ, ತಳ್ಳಿಸಿಕೊಳ್ಳುತ್ತಾ ಹೊಡೆಯುವ ಹೊಡೆತದ ಗತಿ ಏನು, ಅಲ್ವಾ?

ಈಗ ನಮ್ಮ ಹುಡುಗಿಯ ಹನ್ನೆರಡು ಮ್ಯಾಚ್. ಮೂರರಂತೆ 36 ಹೊಡೆತ. ವರ್ಷಪೂರ್ತಿ ನಿಜವಾದ ಡಿಫೆಂಡರ್ ಎದುರು ಅವಳಿಗೆ ಸಿಕ್ಕ ಪಾಠ ಅಷ್ಟೇ. ನಾನೂ ವರ್ಷಕ್ಕೆ ಹನ್ನೆರಡು ಸಲ ಜೋಳದ ರೊಟ್ಟಿ ಬಡಿಯುತ್ತೇನೆ. ಇಪ್ಪತ್ತು ವರ್ಷವಾಯಿತು, ಇನ್ನೂ ಭೂಪಟದ ಹಾಗೇ ಬರುತ್ತದೆ. ದಿನಾ ಬಡಿದರೆ ತಾನೇ ಕೈ ಕುದುರುವುದು.

ಪ್ರಾಕ್ಟೀಸ್ ಸಾಲದಾ ಅಂತ ಕೇಳಬಹುದು. ಹಿಂದೆ ಆಡುವ ಡಿಫೆಂಡರ್‌ಗೆ ಪ್ರಾಕ್ಟೀಸ್‌ನಲ್ಲೂ ಬಹಳಷ್ಟು ಕಲಿಯಲು ಸಿಗುತ್ತದೆ. ಫಾರ್ವರ್ಡ್ ಕಲಿಯಬೇಕಾದದ್ದು ಮೋಸ. ದಿನಾ ಜೊತೆಗೆ ಆಡುವ ಗೆಳತಿಗೆ ಇವಳ ಮೋಸವೆಲ್ಲ ಬಾಯಿಪಾಠ ಆಗಿರುತ್ತದೆ. ಗುರುತಿಲ್ಲದ ಡಿಫೆಂಡರ್ ಬೇಕು, ಅಂದರೆ ಮ್ಯಾಚೇ ಬೇಕು.

ಅದೇ ಹದಿನಾಲ್ಕು, ಬೇರೆ ಊರು

2022ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಸೆಮಿಫೈನಲ್‌ಗಳು ಗೋವಾದ ಮಡಗಾಂವ್‌ನಲ್ಲಿ. ನಮಗೆ ಘಾಟ್ ಇಳಿದರೆ ಮುಗಿಯಿತು. ನಾವು ನಾಲ್ಕು ಜನ ಹೋಗೋಣ ಹೋಗೋಣ ಅಂತ ವಾರವಿಡೀ ಮಾತಾಡಿ ಕೊನೆಗೆ ಟಿವಿಯಲ್ಲಿ ನೋಡಿದೆವು. ಆ ಬೇಸರ ಇನ್ನೂ ಹೋಗಿಲ್ಲ, ಯಾಕೆಂದರೆ ಅಲ್ಲಿ ಕೊಲಂಬಿಯಾ ಪರ ಲಿಂಡಾ ಕೈಸೆಡೊ ಆಡುತ್ತಿದ್ದಳು.

ಕೈಸೆಡೊ 2005ರಲ್ಲಿ ಹುಟ್ಟಿದವಳು. 2019ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಅಮೆರಿಕಾ ದೆ ಕಾಲಿ ಕ್ಲಬ್ ಪರ ತನ್ನ ದೇಶದ ವೃತ್ತಿಪರ ಲೀಗ್‌ಗೆ ಇಳಿದಳು. ಆ ವರ್ಷ ಆ ಕ್ಲಬ್ಬೇ ಚಾಂಪಿಯನ್. ಮುಂದಿನ ವರ್ಷ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಗಿ ಶಸ್ತ್ರಚಿಕಿತ್ಸೆ ಆಯಿತು. ಗುಣವಾಗಿ ಮತ್ತೆ ಮೈದಾನಕ್ಕೆ ಬಂದಳು. 2023ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ, ಅದೇ ವರ್ಷ ಹಿರಿಯರ ವಿಶ್ವಕಪ್‌ನಲ್ಲಿ ಜರ್ಮನಿಗೆ ಗೋಲ್ ಹೊಡೆದಳು. ಪ್ರತಿಭೆ ದೇವರು ಕೊಟ್ಟದ್ದೇ ಇರಲಿ. ಆದರೆ ಹದಿನಾಲ್ಕನೇ ವಯಸ್ಸಿಗೆ ದೊಡ್ಡ ಹೆಂಗಸರ ಜೊತೆ ಲೀಗ್ ಆಡುವ ಏರ್ಪಾಡು ದೇವರು ಮಾಡಿದ್ದಲ್ಲ.

ಅದೇ ಕೂಟದಲ್ಲಿ ಭಾರತ ಮೂರು ಮ್ಯಾಚ್ ಆಡಿತು. ಅಮೆರಿಕಾ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ಕೊಟ್ಟ ಗೋಲಿನ ಬಗ್ಗೆ ಎಲ್ಲರೂ ಮಾತಾಡಿದರು. ನನಗೆ ಕಂಡದ್ದು ಎಡಗಡೆಯ ಮೂರು ಸೊನ್ನೆ.

ಮೆಟ್ಟಿಲುಗಳು

ನಮ್ಮಲ್ಲಿ ದಾರಿ ಹೀಗಿದೆ. ಶಾಲೆಯ ತಂಡ, ಆಮೇಲೆ ಜಿಲ್ಲೆ, ಆಮೇಲೆ ರಾಜ್ಯ. ಶಾಲೆಗಳ ರಾಷ್ಟ್ರೀಯ ಕೂಟ ಸುಬ್ರೊತೊ ಕಪ್‌ನಲ್ಲಿ 17ರೊಳಗಿನ ಹುಡುಗಿಯರ ವಿಭಾಗ ಇದೆ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ರಾಷ್ಟ್ರೀಯ ಕೂಟಗಳು. ಹಿರಿಯರ ಕೂಟದ ಟ್ರೋಫಿಗೆ ರಾಜಮಾತಾ ಜೀಜಾಬಾಯಿ ಹೆಸರು. ಬೆಳಗಾವಿಯಲ್ಲಿ ಈ ಹೆಸರು ಯಾರದ್ದು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಆದರೆ ಆ ಹೆಸರಲ್ಲಿ ಫುಟ್‌ಬಾಲ್ ಕಪ್ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಕ್ಲಬ್ ದಾರಿ ಬೇರೆ. ಕರ್ನಾಟಕ ಮಹಿಳಾ ಲೀಗ್ 2019-20ರಲ್ಲಿ ಶುರುವಾಯಿತು, ನಡೆಯುವುದು ಬೆಂಗಳೂರಲ್ಲಿ. ಅಲ್ಲಿಂದ ಮೇಲೆ ದೇಶದ ಲೀಗ್, ಅಂದರೆ ಇಂಡಿಯನ್ ವಿಮೆನ್ಸ್ ಲೀಗ್. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2022-23ರಲ್ಲಿ ಅದರ ಫೈನಲ್ ತನಕ ಹೋಗಿತ್ತು. ತಿಲಕವಾಡಿ ಹುಡುಗಿಗೆ ಇದರಲ್ಲಿ ಮೊದಲ ತೊಡಕು ರೈಲು. ಬೆಂಗಳೂರು 500 ಕಿಲೋಮೀಟರ್, ಒಂದು ರಾತ್ರಿ ಪ್ರಯಾಣ. ಗೋವಾ ಅದರ ಕಾಲು ಭಾಗ ದೂರ. ಹುಡುಗರು ಹಿಂದಿನಿಂದಲೂ ಚೋರ್ಲಾ ಘಾಟ್ ಇಳಿದು ಆಡಿ ಬರುತ್ತಾರೆ. ಹುಡುಗಿಯರನ್ನು ಹಾಗೆ ಕಳಿಸುವ ಮನೆ ಇನ್ನೂ ಕಡಿಮೆ.

ದೇಶದ ಲೀಗ್ 2016-17ರಲ್ಲಿ ಶುರುವಾದಾಗ ಕೆಲವೇ ವಾರ, ಒಂದೇ ಊರಲ್ಲಿ ಎಲ್ಲ ತಂಡ ಸೇರಿಸಿ ಮುಗಿಸುವ ಪದ್ಧತಿ. ಮೊದಲ ಸಲ ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. 2023-24ಕ್ಕೆ ತವರಲ್ಲೊಂದು, ಹೊರಗೊಂದು ಮ್ಯಾಚ್ ಅನ್ನುವ ಸರಿಯಾದ ಲೀಗ್ ಆಯಿತು. 2024-25ರಲ್ಲಿ ಎಂಟು ತಂಡ, ಒಂದೊಂದಕ್ಕೆ 14 ಮ್ಯಾಚ್. ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್‌ನಲ್ಲಿ ಅದೇ ವರ್ಷ 22. ಅಮೆರಿಕಾದ ಲೀಗ್‌ನಲ್ಲಿ 26, ಕಪ್ ಮ್ಯಾಚ್‌ಗಳು ಬೇರೆ. ಮ್ಯಾಚಿಗೆ ಮೂರು ಹೊಡೆತ ಅಂತ ಗುಣಿಸಿ ನೋಡಿ. 42, 66, 78. ಐದು ವರ್ಷಕ್ಕೆ ಆ ಅಂತರ ಎಷ್ಟಾಯಿತು?

ಇದರ ಜೊತೆಗೆ ಫಾರ್ವರ್ಡ್‌ಗೆ ಮಾತ್ರ ಇರುವ ಇನ್ನೊಂದು ಕಷ್ಟ ಇದೆ. ಕ್ಲಬ್‌ಗಳು ವಿದೇಶಿ ಆಟಗಾರ್ತಿಯರನ್ನು ತರುವಾಗ ಮೊದಲು ತರುವುದು ಗೋಲ್ ಹೊಡೆಯುವವರನ್ನೇ. 2022-23ರಲ್ಲಿ ಗೋಕುಲಂ ಕೇರಳ ಕ್ಲಬ್‌ನ ಸಬಿತ್ರಾ ಭಂಡಾರಿ 29 ಗೋಲ್ ಹೊಡೆದರು. ನೇಪಾಳದವರು. ಆ ಸಲದ ಫೈನಲ್‌ನಲ್ಲಿ ನಮ್ಮ ಕಿಕ್‌ಸ್ಟಾರ್ಟ್ ಗೋಕುಲಂ ಎದುರು 0-5ರಲ್ಲಿ ಸೋತಿತು. 2024-25ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದರೂ ಅತಿ ಹೆಚ್ಚು, 24 ಗೋಲ್ ಹೊಡೆದದ್ದು ಗೋಕುಲಂನ ಫಾಜಿಲಾ ಇಕ್ವಾಪುಟ್, ಉಗಾಂಡಾದವರು. ಸಬಿತ್ರಾ ಆಡುವುದನ್ನು ನೋಡುವುದೇ ಒಂದು ಪಾಠ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜಾಗದಲ್ಲಿ ಆಡಬೇಕಿದ್ದ ನಮ್ಮ ಹುಡುಗಿ ಬೆಂಚ್ ಮೇಲೆ ಕೂತಿರುತ್ತಾಳೆ, ಇಲ್ಲವೇ ಪಕ್ಕದ ವಿಂಗ್‌ಗೆ ಹೋಗುತ್ತಾಳೆ. 2025ರ ಜುಲೈನಲ್ಲಿ ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತಲ್ಲ, ಆ ಎರಡೂ ಗೋಲ್ ಹೊಡೆದ ಸಂಗೀತಾ ಬಾಸ್ಫೋರ್ ಫಾರ್ವರ್ಡ್ ಅಲ್ಲ, ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್. ಖುಷಿಯ ವಿಷಯವೇ. ನನಗೆ ಮಾತ್ರ ಫಾರ್ವರ್ಡ್‌ಗಳ ಬಗ್ಗೆ ಯೋಚನೆ ಹತ್ತಿತು.

ಹೊರದೇಶಕ್ಕೆ ಹೋಗುವುದು ಯಾಕೆ ಮುಖ್ಯ ಅನ್ನುವುದು ಈಗ ಅರ್ಥವಾಗುತ್ತದೆ. ಸಂಬಳಕ್ಕಿಂತ ಮೊದಲು ಬೇಕಾದದ್ದು ಮ್ಯಾಚ್. ಮಣಿಪುರದ ಬಾಲಾ ದೇವಿ ಭಾರತದ ಪರ ಅತಿ ಹೆಚ್ಚು ಗೋಲ್ ಹೊಡೆದ ಮಹಿಳೆ. ಸ್ಕಾಟ್ಲೆಂಡಿನ ರೇಂಜರ್ಸ್ ಅವರನ್ನು ಕರೆದದ್ದು 2020ರ ಜನವರಿಯಲ್ಲಿ. ಆಗ ಅವರಿಗೆ ಮೂವತ್ತು ತುಂಬಲು ಕೆಲವೇ ದಿನ ಬಾಕಿ. ಅದುವರೆಗಿನ ಒಳ್ಳೆಯ ವರ್ಷಗಳೆಲ್ಲ ಕಡಿಮೆ ಮ್ಯಾಚಿನ ನಾಡಲ್ಲೇ ಕಳೆದಿದ್ದವು. ಪಂಜಾಬಿನ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಸೇರಿದ್ದು 2022ರಲ್ಲಿ, ಇಪ್ಪತ್ತನೇ ವಯಸ್ಸಿಗೆ. ಯುರೋಪಿನ ಕ್ಲಬ್‌ಗಳ ಮಹಿಳೆಯರ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳು ಅವರು. ಎರಡೇ ವರ್ಷದ ಅಂತರದಲ್ಲಿ ಹೊರಟ ಇಬ್ಬರ ವಯಸ್ಸಿನಲ್ಲಿ ಹತ್ತತ್ತಿರ ಹತ್ತು ವರ್ಷ ವ್ಯತ್ಯಾಸ.

ದುಡ್ಡಿನ ಮಾತು

ಅಪ್ಪ ಕೇಳದೇ ಕೇಳಿದ್ದು ಇದನ್ನೇ. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಂದು ನಿರ್ಧಾರ ಮಾಡಿತು. ದೇಶದ ಲೀಗ್‌ನ ಕ್ಲಬ್‌ಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು ಅಂತ. ತಿಂಗಳಿಗೆ ಹಾಕಿದರೆ 26-27 ಸಾವಿರ. ಬೂಟು, ಊಟ, ಓಡಾಟ ಕಳೆದು ಮನೆಗೆ ಕಳಿಸುವಷ್ಟು ಉಳಿಯುತ್ತದಾ ಅನ್ನುವುದು ಬೇರೆ ಮಾತು. ಕರಾರಿಗೆ ಸಹಿ ಹಾಕುವಾಗ ಮೊತ್ತಕ್ಕಿಂತ ಮೊದಲು ತಿಂಗಳು ನೋಡಬೇಕು. ಸೀಸನ್ ಇರುವ ಆರು ತಿಂಗಳಿಗೆ ಮಾತ್ರವೋ, ಇಡೀ ವರ್ಷಕ್ಕೋ? ಗಾಯವಾದರೆ ಖರ್ಚು ಯಾರದ್ದು? ಈ ಎರಡು ಸಾಲು ಓದಲು ಬಂದರೆ ಅರ್ಧ ಜಗಳ ತಪ್ಪುತ್ತದೆ.

ಬಹಳ ಜನ ಆಟಗಾರ್ತಿಯರ ಮನೆ ನಡೆಸುವುದು ಕ್ಲಬ್ ಅಲ್ಲ, ಕ್ರೀಡಾ ಕೋಟಾದ ನೌಕರಿ. ಬಾಲಾ ದೇವಿಯೇ ಮಣಿಪುರ ಪೊಲೀಸ್‌ನಲ್ಲಿದ್ದವರು. ರೈಲ್ವೆ ತಂಡ ರಾಷ್ಟ್ರೀಯ ಕೂಟದಲ್ಲಿ ರಾಜ್ಯಗಳ ಎದುರು ತನ್ನದೇ ಹೆಸರಲ್ಲಿ ಆಡುತ್ತದೆ, 2015-16ರಲ್ಲಿ ಗೆದ್ದೂ ಇದೆ.

ಶ್ರೀಮಂತ ದೇಶದಲ್ಲೂ ಇದು ನಿನ್ನೆ ಮೊನ್ನೆಯ ಬದಲಾವಣೆ. ಅಮೆರಿಕಾದ ಈಗಿನ ಮಹಿಳಾ ಲೀಗ್ 2013ರಲ್ಲಿ ಶುರುವಾದಾಗ ಕನಿಷ್ಠ ಸಂಬಳ ಸೀಸನ್‌ಗೆ 6,000 ಡಾಲರ್. ಆಟಗಾರ್ತಿಯರು ಬೇರೆಯವರ ಮನೆಯಲ್ಲಿ ಉಳಿದುಕೊಂಡು ಆಡುತ್ತಿದ್ದರು. 2025ಕ್ಕೆ ಅದು 48,500 ಡಾಲರ್, ನಮ್ಮ ಲೆಕ್ಕಕ್ಕೆ ಸುಮಾರು 40 ಲಕ್ಷ. ಅದೇ ವರ್ಷ ಜುಲೈನಲ್ಲಿ ಕೆನಡಾದ ಫಾರ್ವರ್ಡ್ ಒಲಿವಿಯಾ ಸ್ಮಿತ್ ಅವರನ್ನು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್, ಲಿವರ್‌ಪೂಲ್ ಕ್ಲಬ್‌ಗೆ ಹತ್ತು ಲಕ್ಷ ಪೌಂಡ್ ಕೊಟ್ಟು ಕರೆಸಿಕೊಂಡಿತು. ಮರು ತಿಂಗಳೇ ಮೆಕ್ಸಿಕೊದ ಲಿಜ್ಬೆತ್ ಒವಾಯೆಗಾಗಿ ಅವರ ಹಳೆಯ ಕ್ಲಬ್‌ಗೆ ಅಮೆರಿಕಾದ ಒರ್ಲಾಂಡೊ ಕ್ಲಬ್ 15 ಲಕ್ಷ ಡಾಲರ್ ಕೊಟ್ಟಿತು.

ಈ ದೊಡ್ಡ ಮೊತ್ತ ಕೇಳಿ ನಗಬೇಡಿ, ಇದರಲ್ಲಿ ನಮ್ಮೂರಿನ ಕ್ಲಬ್‌ಗೂ ಒಂದು ಸಣ್ಣ ಪಾಲಿದೆ. ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ನಿಯಮ ಹೀಗಿದೆ. ಆಟಗಾರ್ತಿ ಕರಾರಿನ ನಡುವೆ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶಕ್ಕೆ ಹೋದರೆ, ಕೊಟ್ಟ ಮೊತ್ತದಲ್ಲಿ ನೂರಕ್ಕೆ 5 ಅವಳನ್ನು 12ರಿಂದ 23ನೇ ವರ್ಷದವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ನೂರಕ್ಕೆ 0.25, ಆಮೇಲೆ ವರ್ಷಕ್ಕೆ 0.5. ಒಂದು ಕೋಟಿಗೆ ಮಾರಾಟವಾದಳು ಅಂತಿಟ್ಟುಕೊಳ್ಳಿ. ಮೊದಲ ನಾಲ್ಕು ವರ್ಷ ಆಡಿಸಿದ ಬೆಳಗಾವಿ ಕ್ಲಬ್‌ಗೆ ಒಂದು ಲಕ್ಷ. ಎರಡು ಗೋಲಿಗೆ ಹೊಸ ಬಲೆ, ವರ್ಷದ ಚೆಂಡು, ನಾಲ್ಕು ಊರಿಗೆ ತಂಡ ಕಳಿಸುವ ಬಸ್ ಖರ್ಚು.

ಆದರೆ ಆ ವರ್ಷಗಳಲ್ಲಿ ಹುಡುಗಿಯ ಹೆಸರು ಕ್ಲಬ್‌ನಲ್ಲಿ ಅಧಿಕೃತವಾಗಿ ನೋಂದಣಿ ಆಗಿರಬೇಕು. ಸುಮ್ನೆ ಸಂಜೆ ಬಂದು ಆಡಿ ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ಕರಾರು ಮುಗಿದು ಬಿಡುಗಡೆಯಾಗಿ ಹೋದರೆ ಮೊತ್ತವೇ ಇಲ್ಲ, ಪಾಲೂ ಇಲ್ಲ. ಹುಡುಗರ ಆಟದಲ್ಲಿ ಮೊದಲ ವೃತ್ತಿಪರ ಕರಾರಿನ ಹೊತ್ತಿಗೆ ತರಬೇತಿ ಕೊಟ್ಟ ಕ್ಲಬ್‌ಗೆ ಪರಿಹಾರ ಅಂತ ಇನ್ನೊಂದು ಇದೆ. ಮಹಿಳೆಯರ ಫುಟ್‌ಬಾಲ್‌ಗೆ ಅದು ಅನ್ವಯಿಸುವುದಿಲ್ಲ. ಖರ್ಚು ಹೆಚ್ಚಾದರೆ ಕ್ಲಬ್‌ಗಳು ಹುಡುಗಿಯರನ್ನು ಸೇರಿಸಿಕೊಳ್ಳಲಿಕ್ಕಿಲ್ಲ ಅನ್ನುವುದು ಅದರ ಹಿಂದಿನ ವಾದ. ಹುಡುಗಿಯನ್ನು ಎಂಟು ವರ್ಷ ಬೆಳೆಸಿದ ಸಣ್ಣ ಕ್ಲಬ್‌ನ ಮುಂದೆ ನಿಂತು ಈ ವಾದ ಹೇಳುವುದು ಕಷ್ಟ.

ಕಳೆಯುವ ಲೆಕ್ಕ: ಮೊಣಕಾಲು

ಮೊಣಕಾಲಿನ ಒಳಗೆ ಎಸಿಎಲ್ ಅನ್ನುವ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ ಇದೆ. ಗಕ್ಕನೆ ತಿರುಗುವಾಗ, ಹಾರಿ ಒಂದೇ ಕಾಲ ಮೇಲೆ ಇಳಿಯುವಾಗ ಅದು ಹರಿಯುತ್ತದೆ. ಯಾರೂ ತಾಗಿರಬೇಕಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಜಾಸ್ತಿ. ಸೊಂಟ ಮತ್ತು ಮೊಣಕಾಲಿನ ಕೋನ, ತೊಡೆಯ ಸ್ನಾಯುಗಳ ಬಲ, ಹಾರ್ಮೋನು, ಕೆಟ್ಟ ಮೈದಾನ, ಗಂಡಸರ ಪಾದಕ್ಕೆ ಮಾಡಿದ ಬೂಟು, ಹೀಗೆ ಹಲವು ಕಾರಣ ಹೇಳುತ್ತಾರೆ. ಮೇಲೆ ಹೇಳಿದ ಆ ಸುಳ್ಳು ಹೆಜ್ಜೆ ನೆನಪಿದೆಯಾ? ಎರಡು ಹೆಜ್ಜೆ ಆ ಕಡೆ, ಗಕ್ಕನೆ ಈ ಕಡೆ. ಫಾರ್ವರ್ಡ್‌ಗೆ ಅನ್ನ ಕೊಡುವ ತಿರುವೇ ಮೊಣಕಾಲು ತಿನ್ನುವ ತಿರುವು.

ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಒಂಬತ್ತು ತಿಂಗಳಿಂದ ಒಂದು ವರ್ಷ. ಆಸ್ಟ್ರೇಲಿಯಾದ ಸ್ಯಾಮ್ ಕರ್ ಅಮೆರಿಕಾದಲ್ಲಿ ಸತತ ಮೂರು ವರ್ಷ, ಇಂಗ್ಲೆಂಡಿನಲ್ಲಿ ಸತತ ಎರಡು ಸೀಸನ್ ಅತಿ ಹೆಚ್ಚು ಗೋಲ್ ಹೊಡೆದ ಫಾರ್ವರ್ಡ್. 2024ರ ಜನವರಿಯಲ್ಲಿ ಪ್ರಾಕ್ಟೀಸ್‌ನಲ್ಲಿ ಎಸಿಎಲ್ ಹರಿಯಿತು. ಮತ್ತೆ ಚೆಲ್ಸಿ ಪರ ಆಡಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಇಪ್ಪತ್ತು ತಿಂಗಳು. ಜಗತ್ತಿನ ಒಳ್ಳೆಯ ವೈದ್ಯರು, ಫಿಸಿಯೊ ಎಲ್ಲ ಇದ್ದವರ ಕತೆ ಇದು.

ಪೂರ್ತಿ ತಡೆಯಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಫಿಫಾ 11+ ಅನ್ನುವ ವಾರ್ಮ್‌ಅಪ್ ಇದೆ, ಇಪ್ಪತ್ತು ನಿಮಿಷದ್ದು. ನಿಧಾನ ಓಟ, ಒಂದೇ ಕಾಲ ಮೇಲೆ ನಿಲ್ಲುವುದು, ಹಾರಿ ಮೊಣಕಾಲು ಒಳಕ್ಕೆ ಬಾಗದಂತೆ ಇಳಿಯುವುದು. ವಾರಕ್ಕೆ ಎರಡು ಸಲ ತಪ್ಪದೆ ಮಾಡಿದರೂ ಗಾಯ ಕಡಿಮೆಯಾಗುತ್ತದೆ ಅನ್ನುವುದು ಸಾಬೀತಾಗಿದೆ. ಯಂತ್ರ ಬೇಡ, ದುಡ್ಡು ಬೇಡ. ಆದರೂ ನಮ್ಮ ಮೈದಾನಗಳಲ್ಲಿ ವಾರ್ಮ್‌ಅಪ್ ಅಂದರೆ ಎರಡು ಸುತ್ತು ಓಟ, ಆಮೇಲೆ ಎಲ್ಲರೂ ಸೇರಿ ಗೋಲಿನ ಮೇಲೆ ದಬದಬ ಹೊಡೆಯುವುದು.

ಮುಟ್ಟಿನ ವಿಷಯವೂ ಇಲ್ಲೇ ಬರುತ್ತದೆ. ಹನ್ನೆರಡು ಹದಿಮೂರಕ್ಕೆ ಎಷ್ಟೋ ಹುಡುಗಿಯರು ಮೈದಾನಕ್ಕೆ ಬರುವುದನ್ನೇ ಬಿಡುತ್ತಾರೆ. ಶೌಚಾಲಯ ಇಲ್ಲ, ಮೇಲೆ ಬಿಳಿ ಚಡ್ಡಿ. ಇಂಗ್ಲೆಂಡ್ ಮಹಿಳಾ ತಂಡವೇ ಈ ಕಾರಣಕ್ಕೆ ಬಿಳಿ ಬಿಟ್ಟು 2023ರಲ್ಲಿ ನೀಲಿ ಚಡ್ಡಿಗೆ ಬದಲಾಯಿಸಿತು. ಲಂಡನ್ನಿನಲ್ಲಿ ಬದಲಾದದ್ದು ಶಾಲೆಯ ಪಿಟಿ ಮೇಷ್ಟ್ರಿಗೆ ಕಷ್ಟವಾಗಬಾರದು.

ಎಲ್ಲಿಯವರೆಗೆ

ಫಾರ್ವರ್ಡ್‌ಗೆ ಇಪ್ಪತ್ತನಾಲ್ಕರಿಂದ ಇಪ್ಪತ್ತೊಂಬತ್ತು ಒಳ್ಳೆಯ ಕಾಲ ಅಂತಾರೆ. ನಮ್ಮಲ್ಲಿ ಅದೇ ಕಾಲಕ್ಕೆ ಮದುವೆ ಮಾತು ಶುರು. ಅಮೆರಿಕಾದ ಅಲೆಕ್ಸ್ ಮಾರ್ಗನ್‌ಗೆ ಹದಿನೇಳರಲ್ಲೇ ಎಸಿಎಲ್ ಹರಿದಿತ್ತು. 2020ರ ಮೇನಲ್ಲಿ ಮಗಳು ಹುಟ್ಟಿದಳು, ಅದೇ ನವೆಂಬರ್‌ಗೆ ಮೈದಾನದಲ್ಲಿದ್ದರು. 2022ರಲ್ಲಿ 15 ಗೋಲ್ ಹೊಡೆದು ಲೀಗ್‌ಗೇ ಮೊದಲಿಗರಾದರು. ಫಿಫಾ 2021ರಿಂದ ಆಟಗಾರ್ತಿಯರಿಗೆ ಕನಿಷ್ಠ 14 ವಾರ ಹೆರಿಗೆ ರಜೆ, ಮೂರನೇ ಎರಡರಷ್ಟು ಸಂಬಳ ಕೊಡಬೇಕು ಅಂತ ನಿಯಮ ತಂದಿದೆ. ಕರಾರು ಇದ್ದವರಿಗೆ ಮಾತ್ರ ಅದು ಸಿಗುತ್ತದೆ.

ಬ್ರೆಜಿಲ್‌ನ ಮಾರ್ತಾ ಹದಿನಾಲ್ಕನೇ ವಯಸ್ಸಿಗೆ ಹಳ್ಳಿಯಿಂದ ಮೂರು ದಿನ ಬಸ್ಸಲ್ಲಿ ಕೂತು ರಿಯೊಗೆ ಹೋದವರು. ಆರು ವಿಶ್ವಕಪ್, ಒಟ್ಟು 17 ಗೋಲ್. ಗಂಡಸರಲ್ಲೂ ಯಾರೂ ಇಷ್ಟು ಹೊಡೆದಿಲ್ಲ. ವೇಗ ಕಡಿಮೆಯಾದಂತೆ ಒಂದು ಸಾಲು ಹಿಂದೆ ಸರಿದು ಆಡಲು ಶುರು ಮಾಡಿದರು. 2024ರಲ್ಲಿ 38ನೇ ವಯಸ್ಸಿಗೆ ಒರ್ಲಾಂಡೊ ಪರ ಅಮೆರಿಕಾದ ಲೀಗ್ ಗೆದ್ದರು.

ಇಷ್ಟೆಲ್ಲ ಆ ಅಪ್ಪನಿಗೆ ಹೇಳಲಿಲ್ಲ. ಚಹಾ ಕುಡಿಯುತ್ತಾ ಹೇಳಿದ್ದು ಮೂರೇ ಮಾತು. ಹೆಸರು ನೋಂದಣಿ ಆಗಿದೆಯಾ ನೋಡಿ, ಆ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಮಾಡಿಸಿ, ಹೇಗಾದರೂ ಮ್ಯಾಚ್ ಹೆಚ್ಚಿಸಿ. "ಹೆಚ್ಚಂದ್ರ ಎಷ್ಟ್ರಿ?" ಅಂದರು. ಮೂವತ್ತು ಅಂದೆ. ಅವರು ಸ್ವಲ್ಪ ಹೊತ್ತು ಲೋಟ ನೋಡುತ್ತಾ ನಿಂತು, "ಗೋವಾಕ್ಕ ಸಂಡೇಕ್ಕೊಮ್ಮೆ ನಾನ ಕರ್ಕೊಂಡು ಹೊಂಟ್ರ ಆದೀತಲ್ರಿ. ಆದ್ರ ಮಳಿಗಾಲದಾಗ ಘಾಟಿಂದ ಸುದ್ದಿ ನಿಮಗ ಗೊತ್ತೈತಲ್ಲ" ಅಂದರು.

ಮೈದಾನದಲ್ಲಿ ಹುಡುಗಿ ಎಡಗಾಲಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಹೊಡೆಯುವ ಮೊದಲು ಎರಡು ಹೆಜ್ಜೆ ಆ ಕಡೆ ಹಾಕುತ್ತಿದ್ದಳು, ಎದುರಿಗೆ ಯಾರೂ ಇಲ್ಲದಿದ್ದರೂ.